ಊರ ಬಾವಿಯೂ ಕೋಳಿಯ ಕಾರ್ಖಾನೆಯೂ

ಮೂಡಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಬೆಳುವಾಯಿಯಂಥ ಊರುಗಳಲ್ಲಿ ಮನೆಯ ಅಡಿಗೆಯೂ ಹಟ್ಟಿಯ ದನಗಳೂ ಕಂಗಿನ ತೋಟವೂ ಹಿತ್ತಿಲ ಬಾವಿಯನ್ನೇ ನಂಬಿಕೊಂಡಿರುವವು. ಇಂಥ ಊರಿನ ನೀರಿನ ಸಮೀಪದಲ್ಲಿ ಕೋಳಿಗಳನ್ನು ಸಾವಿರಗಟ್ಟಲೆ ಕೊಯ್ದು ಶುಚಿಮಾಡುವ ಕಾರ್ಖಾನೆಯನ್ನು ಕಟ್ಟಲು ಯಾರಾದರೂ ಬಂದರೆ ಊರವರು ಅದನ್ನು ವಿರೋಧಿಸುವದು ನ್ಯಾಯವೋ? ನ್ಯಾಯವಾದರೆ ಹೇಗೆ ವಿರೋಧಿಸತಕ್ಕದ್ದು? ಈ ಎರಡು ಪ್ರಶ್ನೆಗಳನ್ನು ಈ ಪಾಠದಲ್ಲಿ ವಿಚಾರಿಸೋಣ.

1. ನಾವು ಯಾವದನ್ನು ವಿರೋಧಿಸುವದಿಲ್ಲ? ಕೋಳಿ ಸಾಕುವದು ತಪ್ಪಲ್ಲ, ಮಾರುವದೂ ತಪ್ಪಲ್ಲ. ಕೋರಿರೊಟ್ಟಿಯನ್ನು ಸಂತೋಷದಿಂದ ಉಣ್ಣುವ ನಾವು ಕೋಳಿಯ ವ್ಯಾಪಾರಿಯನ್ನು ಹೀನವಾಗಿ ಕಂಡರೆ ನಮ್ಮ ಮಾತಿಗೆ ಬೆಲೆಯಿರದು. ಕಾರ್ಖಾನೆಯಲ್ಲಿ ಕೂಲಿ ಸಿಕ್ಕೀತೆಂದು ಆಶಿಸುವ ಬಡ ನೆರೆಯವನೂ ನಮ್ಮ ವೈರಿಯಲ್ಲ. ನಮ್ಮ ಪ್ರಶ್ನೆ ಕೋಳಿಯದಲ್ಲ, ನೀರಿನದು.

2. ನೀರಿಗೆ ಏನಾಗುವದು? ಕೊಯ್ದ ಕೋಳಿಯನ್ನು ಬಿಸಿನೀರಿನಲ್ಲಿ ಅದ್ದಿ, ಯಂತ್ರದಿಂದ ಪುಕ್ಕ ಕಿತ್ತು, ಕರುಳು ತೆಗೆದು, ತೊಳೆದು, ತಣ್ಣೀರಿನಲ್ಲಿ ತಣಿಸುವರು. ಕೋಳಿಯೊಂದಕ್ಕೆ 15 ಲೀಟರ್ ನೀರೆಂದು ಹಿಡಿದರೆ ದಿನಕ್ಕೆ 5,000 ಕೋಳಿಗಳಿಗೆ 75,000 ಲೀಟರ್ ಬೇಕಾಗುವದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬನಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಹಾಗಾದರೆ ಅದು 1,300ಕ್ಕೂ ಹೆಚ್ಚು ಮಂದಿಯ ಪಾಲು.

ಹೀಗೆ ತಕ್ಕೊಂಡ ನೀರು ರಕ್ತ, ಕೊಬ್ಬು, ಮಲ ಇವುಗಳೊಡನೆ ಹೊರಗೆ ಬರುವದು. ಅದನ್ನು ಶುದ್ಧಮಾಡದೆ ತೋಡಿಗೆ ಬಿಟ್ಟರೆ, ಆ ಕಲ್ಮಷವು ಕೊಳೆಯುವಾಗ ನೀರಿನ ಪ್ರಾಣವಾಯುವನ್ನು ಹೀರಿಕೊಳ್ಳುವದು, ಮೀನುಗಳು ಸಾಯುವವು. ಅದರ ಸಾರಜನಕವು ನೈಟ್ರೇಟ್ ಆಗಿ ಬಾವಿಯನ್ನು ಸೇರಬಹುದು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು; ಯಾಕಂದರೆ ಇದು ವಿಪರೀತವಾದರೆ ಎಳೆಕೂಸುಗಳ ರಕ್ತವು ಪ್ರಾಣವಾಯುವನ್ನು ಹೊರಲಾರದೆ ಹೋಗುವದು. ಇದಲ್ಲದೆ ನಮ್ಮ ಮುರಕಲ್ಲು ತೂತುಗಳುಳ್ಳದ್ದು. ಆಟಿಯ ಮಳೆಯಲ್ಲಿ ಗುಡ್ಡೆಯ ಮೇಲೆ ಬಿದ್ದದ್ದು ಬೈಲಿನ ಬಾವಿಗೆ ಬೇಗನೆ ಇಳಿಯುವದು.

3. ನೆರೆಯವರಿಂದ ಏನು ಕಲಿಯುವೆವು? ಕೇರಳದ ಪಾಲಕ್ಕಾಡು ಜಿಲ್ಲೆಯ ಪ್ಲಾಚಿಮಡದಲ್ಲಿ ಕೋಕಾ ಕೋಲಾ ಕಂಪೆನಿಯ ಪಾನೀಯದ ಕಾರ್ಖಾನೆಯು 2000ದಲ್ಲಿ ಆರಂಭವಾಯಿತು. ಅದು ಕೋಳಿಯದಲ್ಲದಿದ್ದರೂ ಅಲ್ಲಿಯ ಜಗಳವು ನೀರಿನದೇ. ಬಾವಿಗಳು ಕೆಟ್ಟವೆಂದು ಆದಿವಾಸಿ ಜನರು 2002ರಲ್ಲಿ ಬಾಗಲ ಮುಂದೆ ಕೂತರು. ಮಯಿಲಮ್ಮ ಎಂಬ ಸ್ತ್ರೀ ಅವರಲ್ಲಿ ಮುಂದಾಳಾಗಿದ್ದಳು. ಗೊಬ್ಬರವೆಂದು ರೈತರಿಗೆ ಕೊಟ್ಟ ಕೆಸರಿನಲ್ಲಿ ಸೀಸವೂ ಕ್ಯಾಡ್ಮಿಯಮ್ ಎಂಬ ವಿಷಲೋಹವೂ ಇದ್ದದ್ದು 2003ರಲ್ಲಿ ಬೈಲಿಗೆ ಬಂತು. ಅದೇ ವರುಷ ಪೆರುಮಾಟ್ಟಿ ಪಂಚಾಯತು ಪರವಾನಗಿಯನ್ನು ಮುಂದುವರಿಸಲಿಲ್ಲ. 2004ರಲ್ಲಿ ಕಾರ್ಖಾನೆಯು ನಿಂತಿತು. ಜನರು ಗೆದ್ದರು, ಆದರೆ ನೀರು ಕೆಟ್ಟ ಮೇಲೆ ಗೆದ್ದರು. ಇದೇ ನಮಗೆ ಪಾಠ: ಕೇಳತಕ್ಕ ಕಾಲವು ಅಸ್ತಿವಾರಕ್ಕೆ ಮುಂಚೆಯೇ.

4. ಏನು ಮಾಡತಕ್ಕದ್ದು? 1974ರ ಜಲಮಾಲಿನ್ಯದ ಕಾಯಿದೆಯ ಪ್ರಕಾರ, ಹೊಲಸು ನೀರು ಬಿಡುವ ಕಾರ್ಖಾನೆಯನ್ನು ಸ್ಥಾಪಿಸುವ ಮುಂಚೆಯೇ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಆದದರಿಂದ ಗ್ರಾಮಸಭೆಗೆ ಹೋಗಿ ಶಾಂತವಾಗಿ ಕೇಳಿರಿ: ದಿನಕ್ಕೆ ಎಷ್ಟು ಕೋಳಿ? ನೀರು ಎಲ್ಲಿಂದ? ಹೊಲಸು ನೀರು ಎಲ್ಲಿಗೆ? ಕರೆಂಟು ಹೋದ ದಿನ ಶುದ್ಧಿಯ ಯಂತ್ರದ ಗತಿ ಏನು? ಉತ್ತರವನ್ನು ಬರಹದಲ್ಲಿ ಪಡೆದು, ನಮ್ಮ ಆಕ್ಷೇಪವನ್ನೂ ಬರಹದಲ್ಲಿ ಸಲ್ಲಿಸಿ ರಶೀದಿ ಇಟ್ಟುಕೊಳ್ಳಬೇಕು. ಸರಕಾರದ ಕಚೇರಿಯಲ್ಲಿರುವ ಕಾಗದಗಳಿಗೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು.

ಇನ್ನೊಂದನ್ನು ಮರೆಯಬಾರದು. ಈಗಲೇ ನಮ್ಮ ಬಾವಿಗಳ ನೀರನ್ನು ಬೇಸಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಪರೀಕ್ಷೆ ಮಾಡಿಸಿ ಆ ಕಾಗದವನ್ನು ಜೋಪಾನವಾಗಿಡಿರಿ. ಇದ್ದಾಗಿನ ಲೆಕ್ಕವಿಲ್ಲದವನು ಕೆಟ್ಟಾಗ ಯಾವ ನ್ಯಾಯಸ್ಥಾನದಲ್ಲಿ ಏನನ್ನು ತೋರಿಸುವನು?

5. ನಮ್ಮ ಕೈ ಶುದ್ಧವೋ? ಹಬ್ಬದ ಮರುದಿನ ಪುಕ್ಕವನ್ನೂ ಕರುಳನ್ನೂ ಗೋಣಿಯಲ್ಲಿ ಕಟ್ಟಿ ಸಂಕದ ಕೆಳಗೆ ಎಸೆಯುವವರು ನಮ್ಮಲ್ಲಿಯೂ ಉಂಟು. ತೋಡಿಗೆ ದೊಡ್ಡವನ ಹೊಲಸು, ಬಡವನ ಹೊಲಸು ಎಂಬ ಭೇದವಿಲ್ಲ. ಮೊದಲು ಆ ಗೋಣಿಯನ್ನು ನಿಲ್ಲಿಸೋಣ. ಬಳಿಕ ಗ್ರಾಮಸಭೆಯಲ್ಲಿ ಎದ್ದು ನಿಂತಾಗ ನಮ್ಮ ಸ್ವರವು ನಡುಗದು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
ನಮ್ಮ ಬಾವಿಯ ನೀರು ಯಾವ ಗುಡ್ಡೆಯಿಂದ ಇಳಿದು ಬರುವದು?
ಅದನ್ನು ಕಡೆಗೆ ಪರೀಕ್ಷೆ ಮಾಡಿಸಿದ್ದು ಯಾವಾಗ?
ಮುಂದಿನ ಗ್ರಾಮಸಭೆಗೆ ನಮ್ಮ ಮನೆಯಿಂದ ಹೋಗುವವರು ಯಾರು?