ಸ್ಟಾರ್ಟರ್ ನಕ್ಷೆ ಓದೋಣ: ರಿಲೇ ಸಂಪರ್ಕದ ಚಿಹ್ನೆಗಳು

ಮಕ್ಕಳೇ, ಮಾಕಣಿಯ ತೇರಣಾ ಅಣೆಕಟ್ಟಿನ ಸುತ್ತಮುತ್ತ ಹೊಲಗಳಲ್ಲಿ ನೀರೆತ್ತುವ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ ನೋಡೇ ಇರುತ್ತೀರಿ. ಹಸಿರು ಗುಂಡಿ ಒತ್ತಿದರೆ ಮೋಟಾರ್ ಚಾಲೂ, ಕೆಂಪು ಒತ್ತಿದರೆ ಬಂದ್. ಹಸಿರು ಗುಂಡಿಯಿಂದ ಬೆರಳು ತೆಗೆದರೂ ಮೋಟಾರ್ ಓಡುತ್ತಲೇ ಇರುತ್ತದಲ್ಲ, ಹ್ಯಾಂಗ? ಲೈಟ್ ಹೋಗಿ ಬಂದರೆ ಮಾತ್ರ ತಾನಾಗಿ ಚಾಲೂ ಆಗುವುದಿಲ್ಲ, ಯಾಕ? ಎರಡಕ್ಕೂ ಉತ್ತರ ಸ್ಟಾರ್ಟರಿನ ನಕ್ಷೆಯಲ್ಲಿದೆ.

ಪೆಟ್ಟಿಗೆಯೊಳಗೆ ಒಂದು ವಿದ್ಯುತ್ಕಾಂತವಿದೆ. ಅದರ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಕಬ್ಬಿಣದ ತುಂಡನ್ನು ಎಳೆಯುತ್ತದೆ. ತುಂಡಿನೊಂದಿಗೆ ಸಂಪರ್ಕಗಳೂ ಸರಿಯುತ್ತವೆ. ವಿದ್ಯುತ್ ನಿಂತರೆ ಸ್ಪ್ರಿಂಗ್ ಹಿಂದಕ್ಕೆ ತಳ್ಳುತ್ತದೆ. ಇದೇ ರಿಲೇ. ಮೋಟಾರಿನಂಥ ದೊಡ್ಡ ಹೊರೆಗೆ ಬಳಸುವುದನ್ನು ಕಾಂಟ್ಯಾಕ್ಟರ್ ಎನ್ನುತ್ತಾರೆ.

ನಕ್ಷೆಯಲ್ಲಿ ಸುರುಳಿಗೆ ಚಿಕ್ಕ ಆಯತ, ಅದರ ತುದಿಗಳು ಎ1, ಎ2. ಗೆರೆ ಓರೆಯಾಗಿ ಬಿಟ್ಟುಕೊಂಡಿದ್ದರೆ ಅದು ಎನ್‌ಒ, ಅಂದರೆ ಸಹಜವಾಗಿ ತೆರೆದದ್ದು. ಓರೆ ಗೆರೆ ಎದುರಿನ ಅಡ್ಡಗೆರೆಗೆ ತಾಗಿದ್ದರೆ ಎನ್‌ಸಿ, ಸಹಜವಾಗಿ ಮುಚ್ಚಿದ್ದು. ಕಾಂಟ್ಯಾಕ್ಟರಿನ ಸಹಾಯಕ ಸಂಪರ್ಕಗಳ ಮೇಲೆ 13-14 ಎಂದಿದ್ದರೆ ಎನ್‌ಒ, 21-22 ಎಂದಿದ್ದರೆ ಎನ್‌ಸಿ. ಕೊನೆಯ ಅಂಕಿ ನೋಡಿ: 3-4 ತೆರೆದದ್ದು, 1-2 ಮುಚ್ಚಿದ್ದು.

ಬಹಳ ಮಂದಿ ತಪ್ಪುವುದು ಇಲ್ಲೇ. ‘ಸಹಜ’ ಎಂದರೆ ಮೋಟಾರ್ ಓಡುವಾಗಿನ ಸ್ಥಿತಿ ಅಲ್ಲ. ಸುರುಳಿಗೆ ವಿದ್ಯುತ್ ಇಲ್ಲದಾಗ, ಗುಂಡಿಯನ್ನು ಯಾರೂ ಒತ್ತದಾಗ ಇರುವ ಸ್ಥಿತಿ. ನಕ್ಷೆ ಬರೆಯುವುದು ಯಾವಾಗಲೂ ಹಾಗೇ.

ಈಗ ಬೆರಳಿಟ್ಟು ಓದಿ. ವಿದ್ಯುತ್ ಮೊದಲು ಕೆಂಪು ಗುಂಡಿ (ಎನ್‌ಸಿ) ದಾಟುತ್ತದೆ, ಆಮೇಲೆ ಹಸಿರು ಗುಂಡಿ (ಎನ್‌ಒ), ಕೊನೆಗೆ ಸುರುಳಿ. ಹಸಿರು ಗುಂಡಿಗೆ ಸಮಾಂತರವಾಗಿ 13-14 ಇದೆ. ಹಸಿರು ಒತ್ತಿದಿರಿ, ಸುರುಳಿ ಎಳೆಯಿತು, 13-14 ಕೂಡಿತು. ಬೆರಳು ತೆಗೆದರೂ ವಿದ್ಯುತ್ತಿಗೆ ಆ ಪಕ್ಕದ ದಾರಿ ಸಿಕ್ಕಿತು. ಲೈಟ್ ಹೋದರೆ ಸುರುಳಿ ಬಿಡುತ್ತದೆ, 13-14 ತೆರೆಯುತ್ತದೆ. ಮತ್ತೆ ಲೈಟ್ ಬಂದರೂ ದಾರಿ ಇಲ್ಲ! ಆ ಹೊತ್ತಿಗೆ ಯಾರಾದರೂ ಪಂಪಿಗೆ ಕೈ ಹಾಕಿದ್ದರೆ, ಅವರ ಕೈ ಉಳಿಸುವುದು ಇದೇ. ಆಟೋ ಸ್ವಿಚ್ ಕೂಡಿಸಿದ ಕಡೆ ಈ ಕಾವಲು ಇರುವುದಿಲ್ಲ. ಅಲ್ಲಿ ಮೇನ್ ಸ್ವಿಚ್ ತೆಗೆಯದೆ ಪಂಪಿನ ಹತ್ತಿರ ಹೋಗಬಾರದು.

ಮಾಡಿ ನೋಡಿ: ಈ ನಕ್ಷೆಯನ್ನು ವಹಿಯಲ್ಲಿ ಬರೆಯಿರಿ. ಪೆಟ್ಟಿಗೆ ಮಾತ್ರ ನೀವು ತೆರೆಯಬೇಡಿ. ಕೆಂಪು ಗುಂಡಿಯ ವೈರ್ ಕಡಿದರೆ ಮೋಟಾರ್ ನಿಲ್ಲುತ್ತದೋ, ಓಡುತ್ತದೋ? ಅದನ್ನು ಎನ್‌ಸಿ ಮಾಡಿದ್ದು ಯಾಕೆಂದು ಆಗ ನಿಮಗೇ ಹೊಳೆಯುತ್ತದೆ.