ಖಾತೆ ಪುಸ್ತಕ ಓದಬಲ್ಲ ವಕೀಲರು

ವಾಣಿಜ್ಯ ದಾವೆಗಳ ವಕೀಲಿಗೆ ಮನಸ್ಸು ಮಾಡಿರುವ ಕಿರಿಯರಿಗೆ ಆಶೀರ್ವಾದಗಳು.

ಮಾಲಿನ ಮಾರಾಟ, ಕಟ್ಟಡದ ಗುತ್ತಿಗೆ, ಪಾಲುದಾರಿಕೆ, ವಿಮೆ, ಬ್ಯಾಂಕಿನ ವ್ಯವಹಾರ ಮೊದಲಾದವುಗಳಿಂದ ಹುಟ್ಟುವ ತಕರಾರುಗಳನ್ನು 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮವು ವಾಣಿಜ್ಯ ವಿವಾದಗಳೆಂದು ಹೆಸರಿಸಿ, ಅವುಗಳ ವಿಚಾರಣೆಗೆ ಪ್ರತ್ಯೇಕ ನ್ಯಾಯಾಲಯಗಳನ್ನೂ ಬಿಗಿಯಾದ ಗಡುವುಗಳನ್ನೂ ಗೊತ್ತುಪಡಿಸಿತು. ಆರಂಭದಲ್ಲಿ 1 ಕೋಟಿ ರೂಪಾಯಿಗಿಂತ ಕಡಿಮೆ ಮೌಲ್ಯದ ದಾವೆಗಳು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. 2018ರ ತಿದ್ದುಪಡಿಯು ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿದ್ದರಿಂದ, ದೊಡ್ಡ ಕಂಪನಿಗಳ ಜೊತೆಗೆ ಶಿವಮೊಗ್ಗದ ಅಡಿಕೆ ವರ್ತಕರಂಥವರ ಬಾಕಿ ವಸೂಲಿಯ ದಾವೆಯೂ ಇದೇ ಕಾಯಿದೆಯ ಚೌಕಟ್ಟಿನೊಳಗೆ ಬಂದಿತು. ಆದ್ದರಿಂದ ಈ ಕ್ಷೇತ್ರವು ರಾಜಧಾನಿಯ ದೊಡ್ಡ ಕಚೇರಿಗಳಿಗೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಮಾತ್ರ ಮೀಸಲು ಎಂಬ ಅಳುಕನ್ನು ಕಿರಿಯರು ಮೊದಲು ಬಿಡಬೇಕು.

ಐದು ವರ್ಷದ ಸಂಯುಕ್ತ ಪದವಿಯಾಗಲಿ, ಬೇರೊಂದು ಪದವಿಯ ನಂತರದ ಮೂರು ವರ್ಷದ ಕಾನೂನು ವ್ಯಾಸಂಗವಾಗಲಿ, 1961ರ ವಕೀಲರ ಅಧಿನಿಯಮದಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು ಪಡೆಯುವುದಕ್ಕೆ ಎರಡೂ ಸಮಾನವೇ. ವಾಣಿಜ್ಯ ಪದವಿ ಪಡೆದು ಬಂದವರಿಗೆ ಜಮಾ ಖರ್ಚಿನ ಪರಿಚಯ ಮೊದಲೇ ಇರುವುದರಿಂದ ಸ್ವಲ್ಪ ಅನುಕೂಲವುಂಟು. ಉಳಿದವರು ಅದನ್ನು ಕಲಿಯಲೇಬೇಕು, ಏಕೆಂದರೆ ಈ ವೃತ್ತಿಯ ಜೀವಾಳವು ವಾಗ್ಮಿತೆಗಿಂತ ಹೆಚ್ಚಾಗಿ ಲೆಕ್ಕಪತ್ರಗಳ ಓದಿನಲ್ಲಿದೆ.

ಚಿಕ್ಕಪೇಟೆಯ ಸಗಟು ವರ್ತಕರೊಬ್ಬರು ಉದ್ರಿಯಾಗಿ ಸೀರೆಗಳನ್ನು ಕಳುಹಿಸಿ, ನಾಲ್ಕು ವರ್ಷ ಕಾದು, ಕೊನೆಗೆ ಖಾತೆಯ ಹಾಳೆ ಹಿಡಿದು ವಕೀಲರಲ್ಲಿಗೆ ಬಂದರೆಂದು ಭಾವಿಸಬಹುದು. ಒಂದು ಬದಿಯಲ್ಲಿ ಬಿಲ್ಲುಗಳ ಸಾಲು, ಇನ್ನೊಂದು ಬದಿಯಲ್ಲಿ ಆಗೊಮ್ಮೆ ಈಗೊಮ್ಮೆ ಬಂದ ಚೆಕ್ಕುಗಳ ಜಮೆ, ಕೆಳಗೆ ಬಾಕಿಯ ಮೊತ್ತ. ಮಾರಿದ ಮಾಲಿನ ಹಣಕ್ಕೆ 1963ರ ಕಾಲಮಿತಿ ಅಧಿನಿಯಮವು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯನ್ನಷ್ಟೇ ಕೊಡುವುದರಿಂದ, ಮೊತ್ತವನ್ನು ಮಾತ್ರ ನೋಡುವವರು ದಾವೆ ಕಾಲಬಾಧಿತವಾಯಿತೆಂದು ಕಡತ ಮುಚ್ಚಿಬಿಡುತ್ತಾರೆ. ಹಾಳೆಯನ್ನು ಸಾಲುಸಾಲಾಗಿ ಓದುವವರಾದರೋ ಪ್ರತಿಯೊಂದು ಜಮೆಯ ಹಿಂದಿನ ಕಾಗದವನ್ನೂ ತರಿಸಿ ನೋಡುತ್ತಾರೆ. ಎರಡನೆಯ ವರ್ಷದ ದೀಪಾವಳಿಗೆ ಹೊಸ ಖಾತೆ ತೆರೆಯುವಾಗ ಖರೀದಿದಾರರು ಬಾಕಿಯನ್ನು ಒಪ್ಪಿ, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟ ಒಂದು ಚೀಟಿ ಆ ಕಂತೆಯಲ್ಲಿ ಸಿಕ್ಕಿದರೆ, ಅವಧಿ ಮುಗಿಯುವ ಮೊದಲೇ ಬರವಣಿಗೆಯಲ್ಲಿ ಋಣವನ್ನು ಒಪ್ಪಿಕೊಂಡಂತಾಗಿ, ಆ ಸಹಿಯ ದಿನದಿಂದ ಕಾಲಮಿತಿ ಹೊಸದಾಗಿ ಎಣಿಕೆಯಾಗುತ್ತದೆ. ಅಂಗೈಯಗಲದ ಆ ಚೀಟಿಯ ಮೇಲೆ ಒಂದು ಕುಟುಂಬದ ಜೀವನೋಪಾಯವೇ ನಿಂತಿರಬಹುದೆಂಬ ಎಚ್ಚರ ಕಿರಿಯರಲ್ಲಿ ಸದಾ ಇರಬೇಕು.

ದಾಖಲೆಗಳನ್ನು ಆಮೇಲೆ ಹುಡುಕೋಣವೆಂಬ ಹಳೆಯ ರೂಢಿಗೂ ಇಲ್ಲಿ ಎಡೆಯಿಲ್ಲ. ವಾದಿ, ಅಂದರೆ ದಾವೆ ಹೂಡುವವರು, ತಮ್ಮ ವಶದಲ್ಲಿರುವ ಸಂಬಂಧಪಟ್ಟ ದಾಖಲೆಗಳೆಲ್ಲವನ್ನೂ ವಾದಪತ್ರದೊಂದಿಗೇ ಸಲ್ಲಿಸಿ, ಬೇರೇನೂ ಉಳಿದಿಲ್ಲವೆಂದು ಪ್ರಮಾಣ ಮಾಡಬೇಕಾಗುತ್ತದೆ. ಬಿಟ್ಟುಹೋದದ್ದನ್ನು ಮುಂದೆ ತರಬೇಕಾದರೆ ತಕ್ಕ ಕಾರಣ ತೋರಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಪ್ರತಿವಾದಿಯ ಪರ ವಕೀಲರಿಗೂ ಇಂಥದೇ ಬಿಗಿಯುಂಟು. ಸಮನ್ಸ್ ಜಾರಿಯಾದ 120 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸದಿದ್ದರೆ ಆ ಹಕ್ಕು ನಷ್ಟವಾಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಖಚಿತಪಡಿಸಿತು. ವಾಯಿದೆ ಕೇಳುತ್ತಾ ಕಾಲ ತಳ್ಳುವ ಅಭ್ಯಾಸವಿರುವ ಕಚೇರಿಯಲ್ಲಿ ಪಳಗಿದ ಕಿರಿಯರು ಈ ಒಂದು ವಿಷಯದಲ್ಲಿ ತಮ್ಮ ಹಿರಿಯರನ್ನು ಅನುಸರಿಸದಿರುವುದೇ ಲೇಸು.

ತುರ್ತು ಮಧ್ಯಂತರ ಪರಿಹಾರದ ಅಗತ್ಯವಿಲ್ಲದ ವಾಣಿಜ್ಯ ದಾವೆಯನ್ನು ಹೂಡುವ ಮುನ್ನ ಮಧ್ಯಸ್ಥಿಕೆಗೆ ಪ್ರಯತ್ನಿಸಬೇಕೆಂಬುದು ಕಾಯಿದೆಯ 12ಎ ಪ್ರಕರಣದ ವಿಧಿ. ಇದು ಕಡ್ಡಾಯವೆಂದೂ, ಪಾಲಿಸದ ವಾದಪತ್ರ ತಿರಸ್ಕೃತವಾಗುತ್ತದೆಂದೂ 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಧ್ಯಸ್ಥಿಕೆಯೆಂದರೆ ತೀರ್ಪು ಕೊಡುವ ಅಧಿಕಾರವಿಲ್ಲದ ತಟಸ್ಥರೊಬ್ಬರ ನೆರವಿನಿಂದ ಉಭಯ ಪಕ್ಷಗಳು ತಾವೇ ಒಪ್ಪಂದಕ್ಕೆ ಬರುವುದು. ಇದನ್ನು ದಾಟಬೇಕಾದ ಒಂದು ಮೆಟ್ಟಿಲೆಂದು ಮಾತ್ರ ಕಾಣುವವರು ಬಹಳ ಮಂದಿ. ಇಪ್ಪತ್ತು ವರ್ಷ ಕೊಡುಕೊಳ್ಳುವಿಕೆ ನಡೆಸಿದ ಇಬ್ಬರು ವರ್ತಕರು ನಾಳೆಯೂ ಅದೇ ಪೇಟೆಯಲ್ಲಿ ಮುಖ ನೋಡಿಕೊಳ್ಳಬೇಕಾದವರು ಎಂಬುದನ್ನು ಬಲ್ಲ ವಕೀಲರು, ತಮ್ಮ ಶುಲ್ಕ ಕಡಿಮೆಯಾದರೂ ಸರಿ, ಅಲ್ಲಿ ಮನಃಪೂರ್ವಕವಾಗಿ ಕೂರುತ್ತಾರೆ.

ಕನ್ನಡದ ಕುರಿತು ಒಂದು ಮಾತು ಅಗತ್ಯ. ಕರಾರುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಆದರೆ ಮಾಲು ಇಳಿಸಿಕೊಂಡ ಗುಮಾಸ್ತರ ನೆನಪು, ಲಾರಿಯವರ ಮಾತು, ದರ ಕುದುರಿಸಿದ ದಲ್ಲಾಳಿಯ ಸಾಕ್ಷ್ಯ ಕನ್ನಡದಲ್ಲಿರುತ್ತದೆ. ಸಾಕ್ಷಿಯು “ನೋಡೋಣ ಅಂದರು” ಎಂದು ನುಡಿದಾಗ ಅದು ಒಪ್ಪಿಗೆಯೋ, ನಯವಾದ ನಿರಾಕರಣೆಯೋ ಎಂಬುದನ್ನು ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಹಂತದಲ್ಲಿ, ಬಿಡಿಸಿ ಕೇಳಬಲ್ಲವರು ಆ ನುಡಿಯಲ್ಲೇ ಬೆಳೆದವರು.

ಕಡೆಯದಾಗಿ, ಡಿಕ್ರಿ ಬಂದ ಮಾತ್ರಕ್ಕೆ ಹಣ ಬರುವುದಿಲ್ಲ. ಅದರ ಜಾರಿಗೆ ಅಮಲ್ಜಾರಿ ಅರ್ಜಿ ಹಾಕಬೇಕು, ಜಪ್ತಿಗೆ ಯೋಗ್ಯವಾದ ಆಸ್ತಿಯನ್ನು ತೋರಿಸಬೇಕು. ಕಾನೂನು ಇದಕ್ಕೆ 12 ವರ್ಷಗಳ ಅವಕಾಶ ಕೊಟ್ಟಿದ್ದರೂ ಅಷ್ಟರಲ್ಲಿ ಎದುರು ಪಕ್ಷದ ಮಳಿಗೆ, ಗೋದಾಮು, ಬ್ಯಾಂಕ್ ಖಾತೆ ಯಾವುದೂ ಉಳಿಯದೆ ಹೋಗಬಹುದು. ಆದಕಾರಣ ಎದುರು ಪಕ್ಷಕ್ಕೆ ಏನಿದೆ, ಎಲ್ಲಿದೆ ಎಂಬ ಪ್ರಶ್ನೆಯನ್ನು ಕಕ್ಷಿದಾರರು ಮೊದಲ ಸಲ ಕಚೇರಿಗೆ ಬಂದ ದಿನವೇ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.

ಇತಿ,
ಹಿರಿಯ ವಕೀಲರೊಬ್ಬರು