ತುರಿಕೆ ನಿಂತರೆ ರೋಗ ಹೋಯಿತೆಂದಲ್ಲ

ಪ್ರಶ್ನೆ: ನಾವು ಕೆರೆಬಿಳಚಿಯವರು. ಅಡಿಕೆ ಸುಲಿಯೋಕೆ ಹೋಗ್ತೀನಿ. ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಕಡೆ, ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದು ತಿಂಗಳುಗಳೇ ಆದವು. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಈಗ ಯಜಮಾನರಿಗೂ ಬಂದಿದೆ.

ಉತ್ತರ: ಎರಡೇ ದಿನಕ್ಕೆ ನಿಂತಿತು ಎಂದಿರಲ್ಲ ತಾಯಿ, ನನಗೆ ಅನುಮಾನ ಬಂದದ್ದೇ ಅಲ್ಲಿ. ಹುಳುಕಡ್ಡಿ ಹುಳುವಿನಿಂದ ಬರುವುದಲ್ಲ, ಶಿಲೀಂಧ್ರದಿಂದ ಬರುವುದು. ಅದು ಸಾಯಲು ವಾರಗಟ್ಟಲೆ ಬೇಕು. ಅಷ್ಟು ಬೇಗ ತುರಿಕೆ ಅಡಗಿಸುವುದು ಸ್ಟೀರಾಯ್ಡ್. ಟ್ಯೂಬಿನ ಮೇಲಿನ ಸಣ್ಣಕ್ಷರಗಳನ್ನು ಮಕ್ಕಳ ಕೈಲಿ ಓದಿಸಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಎಂಬ ಯಾವ ಹೆಸರಿದ್ದರೂ ಇವತ್ತೇ ಬಿಡಿ. ಇವು ತುರಿಕೆ, ಕೆಂಪನ್ನು ಅಡಗಿಸುತ್ತವೆ, ಒಳಗೆ ಶಿಲೀಂಧ್ರ ಮಾತ್ರ ಹಬ್ಬುತ್ತಲೇ ಇರುತ್ತದೆ. ಉಂಗುರದಂಥ ಅಂಚು ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತೊಡೆಸಂದಿಯ ಚರ್ಮ ತೆಳುವಾಗಿ ಬರೆ ಎಳೆದಂಥ ಗೆರೆ ಬಿದ್ದರೆ ಅದು ಪೂರ್ತಿ ಮಾಯುವುದಿಲ್ಲ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಆದರೂ ಕೇಳಿದವರಿಗೆಲ್ಲ ಸಿಗುತ್ತಿರುವುದು ನನಗೆ ಬಹಳ ನೋವಿನ ಸಂಗತಿ.

ಬಿಟ್ಟ ಮೇಲೆ ಕೆಲವು ದಿನ ತುರಿಕೆ ಹೆಚ್ಚಾಗಬಹುದು. ಆಗ ಮತ್ತೆ ಅದೇ ಟ್ಯೂಬಿಗೆ ಕೈ ಹಾಕಬೇಡಿ. ಇಬ್ಬರೂ ಒಟ್ಟಿಗೇ ವೈದ್ಯರಲ್ಲಿಗೆ ಹೋಗಿ, ಹಳೇ ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಇಷ್ಟು ಹಬ್ಬಿದ್ದಕ್ಕೆ ಸಾಮಾನ್ಯವಾಗಿ ಇಟ್ರಕೊನಜೋಲ್ ಅಥವಾ ಟರ್ಬಿನಫಿನ್ ಮಾತ್ರೆ ಬೇಕಾಗುತ್ತದೆ. ಗರ್ಭಿಣಿಯಾಗಿದ್ದರೆ, ಲಿವರ್ ಅಥವಾ ಹೃದಯದ ತೊಂದರೆ ಇದ್ದರೆ, ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ವೈದ್ಯರು ಕೊಡುವ ಶಿಲೀಂಧ್ರದ ಮುಲಾಮನ್ನು ಕಲೆಯ ಸುತ್ತ ಎರಡು ಬೆರಳಗಲ ಆಚೆಗೂ ಹಚ್ಚಿ, ಮಾಯ್ದ ಮೇಲೂ ಎರಡು ವಾರ ಮುಂದುವರಿಸಿ. ಬೆಳ್ಳುಳ್ಳಿ ಜಜ್ಜಿ ಉಜ್ಜಬೇಡಿ, ಸುಟ್ಟು ಬೊಬ್ಬೆ ಏಳುತ್ತದೆ.

ಅಡಿಕೆ ಬೇಯಿಸುವ ಒಲೆಯ ಹತ್ತಿರ ಬೆವರಿದ ಬಟ್ಟೆಯಲ್ಲೇ ಸಂಜೆವರೆಗೆ ಇರಬೇಡಿ. ಸ್ನಾನವಾದ ಮೇಲೆ ಸಂದಿಗಳನ್ನು ಚೆನ್ನಾಗಿ ಒರೆಸಿ ಹತ್ತಿಬಟ್ಟೆ ಉಡಿ. ಟವೆಲ್ ಬೇರೆ ಬೇರೆ ಇರಲಿ. ಒಳಬಟ್ಟೆ ಮಗುಚಿ ಬಿಸಿಲಿಗೆ ಹಾಕಿ. ಯಜಮಾನರ ಉಡುದಾರವನ್ನೂ ಬಿಚ್ಚಿಸಿ. ಸದಾ ಒದ್ದೆಯಾಗಿರುವ ಆ ದಾರದ ಕೆಳಗೇ ಎಷ್ಟೋ ಜನರಿಗೆ ರೋಗ ಮರಳುತ್ತದೆ.

ಪ್ರಶ್ನೆ: ಹಾಸ್ಟೆಲಿನಿಂದ ಬಂದ ಮಗನಿಗೆ ರಾತ್ರಿಯೆಲ್ಲ ತುರಿಕೆ. ಬೆರಳ ಸಂದಿ, ಹೊಕ್ಕಳ ಸುತ್ತ ಗುಳ್ಳೆಗಳಿವೆ.

ಉತ್ತರ: ನೀವು ಬರೆದಿರುವುದು ನೋಡಿದರೆ ಕಜ್ಜಿಯೇ ಇರಬೇಕು. ಕಣ್ಣಿಗೆ ಸರಿಯಾಗಿ ಕಾಣದ ನುಸಿ ಚರ್ಮದಡಿ ಬಿಲ ಕೊರೆಯುತ್ತದೆ. ವೈದ್ಯರು ಶೇಕಡ 5ರ ಪರ್ಮೆಥ್ರಿನ್ ಬರೆದುಕೊಟ್ಟರೆ, ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನಡಿಗೂ ಬಿಡದೆ ಹಚ್ಚಿ ಬೆಳಿಗ್ಗೆ ತೊಳೆಯಲಿ. ವಾರದ ನಂತರ ಇನ್ನೊಮ್ಮೆ. ತುರಿಕೆ ಇರಲಿ ಬಿಡಲಿ, ಮನೆಮಂದಿಯೆಲ್ಲ ಅದೇ ರಾತ್ರಿ ಹಚ್ಚಿಕೊಳ್ಳಬೇಕು. ಕೈಗೂಸಿದ್ದರೆ ವೈದ್ಯರನ್ನು ಕೇಳಿ. ಹಾಸಿಗೆ, ಹೊದಿಕೆ ಬಿಸಿನೀರಿನಲ್ಲಿ ಒಗೆಯಿರಿ. ಗುಣವಾದ ಮೇಲೂ ಕೆಲವು ವಾರ ತುರಿಕೆ ಇರಬಹುದು, ಅದಕ್ಕೆ ದಿನಾ ಔಷಧಿ ಬಳಿಯಬೇಡಿ. ಹಾಸ್ಟೆಲಿನವರಿಗೂ ತಿಳಿಸಿ.

ಪ್ರಶ್ನೆ: ಮಗಳ ಕೆನ್ನೆ ಮೇಲೆ ಬಿಳಿಚಿದ ಕಲೆ. ಹೊಟ್ಟೆಹುಳ ಅಂತಾರೆ, ತೊನ್ನು ಅಂತಲೂ ಹೆದರಿಸ್ತಾರೆ.

ಉತ್ತರ: ಮಕ್ಕಳ ಕೆನ್ನೆಯ ಮಸುಕಾದ, ಸ್ವಲ್ಪ ಹೊಟ್ಟೆದ್ದ ಕಲೆ ಸಾಮಾನ್ಯವಾಗಿ ಒಣಚರ್ಮದ್ದು. ಹೊಟ್ಟೆಹುಳಕ್ಕೂ ಅದಕ್ಕೂ ಸಂಬಂಧವಿಲ್ಲ. ಕೊಬ್ಬರಿ ಎಣ್ಣೆ ಸವರಿ, ತಿಂಗಳುಗಳಲ್ಲಿ ತಾನೇ ಹೋಗುತ್ತದೆ. ತೊನ್ನಾದರೆ ಹಾಲಿನಂತೆ ಅಚ್ಚ ಬಿಳಿ ಇರುತ್ತದೆ, ಅದು ಅಂಟುರೋಗವಲ್ಲ. ಮೈಮೇಲೆ ಎಲ್ಲೇ ಆಗಲಿ ಮಸುಕು ಕಲೆಯ ಜಾಗ ಮುಟ್ಟಿದರೆ ಗೊತ್ತಾಗದಂತಿದ್ದರೆ ಮಾತ್ರ ತಡಮಾಡಬೇಡಿ, ಕುಷ್ಠವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ 6 ಅಥವಾ 12 ತಿಂಗಳ ಮಾತ್ರೆ ಉಚಿತವಾಗಿ ಕೊಡುತ್ತಾರೆ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಕಲೆ ತೋರಿಸಿ.